ಕಣ್ಣಾರೆ ಕಾಣದೆ ಕೂಗದ ಮೈಕ್ ರತ್ನಮ್ಮ

ಬೆಳಗಿನ ಆರು ಗಂಟೆ. ಸತ್ತೇಗಾಲದ ದನದ ಆಸ್ಪತ್ರೆ ಮುಂದೆ, ನೆತ್ತಿಯ ಮೇಲೆ ಎರಡು ಸ್ಪೀಕರ್ ಹೊತ್ತ ಆಟೋ ಒಂದು ಬಂದು ನಿಲ್ಲುತ್ತದೆ. ಇಳಿದ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಇನ್ನೂ ಕಣ್ಣುಜ್ಜುತ್ತಿರುವ ಅಟೆಂಡರ್ ನಂಜಯ್ಯನವರ ಎದುರು ನಿಲ್ಲುತ್ತಾರೆ.

"ನಂಜಯ್ಯಣ್ಣ, ಐಸ್ ಪೆಟ್ಗೆ ಮುಚ್ಚಳ ತಗಿ. ಮದ್ದು ನೋಡ್ಬೇಕು."

"ಬಂದದೆ ಕಣವ್ವ, ನೆನ್ನೆ ಸಂಜೇನೇ ಬಂತು. ನಾನ್ ಯೋಳುದ್ರೆ ನಂಬ್ಕೆ ಇಲ್ವಾ?"

"ನಿನ್ ಮ್ಯಾಲೆ ನಂಬ್ಕೆ ಅದೆ. ಆದ್ರೆ ಕೂಗೋಳು ನಾನಲ್ವಾ? ತಗಿ."

ನಂಜಯ್ಯ ಗೊಣಗುತ್ತಲೇ ಪೆಟ್ಟಿಗೆ ತೆರೆಯುತ್ತಾರೆ. ಆಕೆ ಬಗ್ಗಿ ಸೀಸೆಗಳನ್ನು ನೋಡುತ್ತಾರೆ, ಒಂದನ್ನು ಕೈಗೆತ್ತಿಕೊಂಡು ತಾರೀಖು ಓದುತ್ತಾರೆ, ತಲೆಯಾಡಿಸುತ್ತಾರೆ. ಆಮೇಲಷ್ಟೇ ಆಟೋ ಹತ್ತಿ ಮೈಕ್ ಹಿಡಿಯುವುದು. "ಸತ್ತೇಗಾಲದೋರೆ, ದನ ಎಮ್ಮೆ ಇರೋರೆಲ್ಲ ಕೇಳಿ. ಕಾಲುಬಾಯಿ ಜ್ವರದ ಮದ್ದು ಬಂದದೆ. ನಾನೇ ನೋಡ್ಕಂಡ್ ಬಂದಿವ್ನಿ. ಹತ್ ಗಂಟೆ ಒಳ್ಗೆ ಆಸ್ಪತ್ರೆ ತಾವ್ಕೆ ದನ ಒಡ್ಕಂಡ್ ಬನ್ನಿ." ಮೂರನೆಯ ತಿರುವಿಗೆ ಬರುವಷ್ಟರಲ್ಲಿ ಹಿಂದೆ ಕೊಟ್ಟಿಗೆಗಳ ಬಾಗಿಲು ತೆರೆಯುವ ಸದ್ದು ಕೇಳುತ್ತದೆ. ಸರ್ಕಾರದ ಸುತ್ತೋಲೆಗೆ ಅಲುಗಾಡದ ಜನ ಈಕೆಯ ಒಂದು ಮಾತಿಗೆ ಹಗ್ಗ ಬಿಚ್ಚುತ್ತಾರೆ ನೋಡಿ!

ಹೆಸರು ಶಿವರತ್ನಮ್ಮ, ವಯಸ್ಸು ನಲವತ್ತೊಂಬತ್ತು, ಊರು ಕೊಳ್ಳೇಗಾಲದ ಮಗ್ಗುಲಿನ ಮಧುವನಹಳ್ಳಿ. ಆದರೆ ಆ ಹೆಸರು ಹೇಳಿದರೆ ಪಕ್ಕದ ಬೀದಿಯವರೂ ತಡಬಡಾಯಿಸುತ್ತಾರೆ. ಮೈಕ್ ರತ್ನಮ್ಮ ಅನ್ನಿ, ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕಿನಲ್ಲಿ ದಾರಿ ತೋರಿಸುತ್ತಾರೆ. ಸಂತೆ ದಿನ ಬದಲಾದದ್ದು, ಕರೆಂಟ್ ಹೋಗುವುದು, ರೇಷನ್ ಬಂದದ್ದು, ಸೀರೆ ಅಂಗಡಿಯ ಆಷಾಢದ ರಿಯಾಯಿತಿ, ಯಾರದೋ ಸಾವು, ಎಲ್ಲವನ್ನೂ ಇಪ್ಪತ್ತಾರು ವರ್ಷಗಳಿಂದ ಊರಿಗೆ ಮುಟ್ಟಿಸುತ್ತಿರುವವರು ಇವರೇ. ಆಟೋ ಓಡಿಸುವುದು ತಮ್ಮ ಉದಯಕುಮಾರ್. ದಿನಕ್ಕೆ ಎಪ್ಪತ್ತು ಎಂಬತ್ತು ಕಿಲೋಮೀಟರು, ಹದಿನೈದು ಊರು. ಒಂದೇ ಮಾತನ್ನು ಇನ್ನೂರು ಸಲವಾದರೂ ಹೇಳಬೇಕು, ಇನ್ನೂರನೆಯ ಸಲವೂ ಮೊದಲ ಸಲದಂತೆ ಕೇಳಿಸಬೇಕು.

ಅದಕ್ಕೂ ಮುಂಚೆ ಕೊಳ್ಳೇಗಾಲದ ಒಂದು ಟಾಕೀಸಿನಲ್ಲಿ ಟಿಕೆಟ್ ಹರಿಯುತ್ತಿದ್ದವರು ಅವರು. ಒಂದು ಶುಕ್ರವಾರ ಪ್ರಚಾರ ಮಾಡುವವನ ಗಂಟಲು ಕಟ್ಟಿತು, ಮಾಲೀಕ ಮೈಕನ್ನು ಇವರ ಕೈಗಿಟ್ಟ. "ಹೆಣ್ಣೆಂಗ್ಸು ಮೈಕ್ ಇಡ್ಕಂಡು ಊರೂರು ಅಲೀತಳಲ್ಲ ಅಂತ ಜನ ಆಡ್ಕಂಡ್ರು. ನಮ್ಮವ್ವ ವೀರಮ್ಮ ಒಂದ್ ವರ್ಷ ನನ್ ಜೊತೆ ಮಾತೇ ಬುಟ್ಬುಟ್ಳು. ಆಟೋ ನಮ್ ಬೀದೀಲಿ ಓಗ್ವಾಗ ಮಾತ್ರ ಬಾಗ್ಲಿಗ್ ಬಂದ್ ನಿಂತ್ಕತಿದ್ಳು," ಎಂದು ನಗುತ್ತಾರೆ ರತ್ನಮ್ಮ. ಐದು ವರ್ಷದ ಹಿಂದೆ ಗಂಟಲಲ್ಲಿ ಗಂಟಾಗಿ ಆಪರೇಷನ್ ಆಯಿತು. ಆರು ತಿಂಗಳು ಬಾಯಿ ತೆರೆಯಬೇಡಿ ಎಂದರು ಡಾಕ್ಟರು. ಇವರು ಇದ್ದದ್ದು ಎರಡು ತಿಂಗಳು, ಅದೂ ಬಲವಂತಕ್ಕೆ.

ನೋಡದೆ ಕೂಗುವುದಿಲ್ಲ ಎಂಬ ಹಟ ಹುಟ್ಟಿದ್ದು ಒಂದು ಎಡವಟ್ಟಿನಿಂದ. ಹನ್ನೊಂದು ವರ್ಷದ ಹಿಂದೆ ಬೆಳಗ್ಗೆ ಫೋನ್ ಬಂತು, ಸತ್ತೇಗಾಲದ ಪುಟ್ಟಸಿದ್ದಯ್ಯ ತೀರಿಕೊಂಡರು ಅಂತ. ರತ್ನಮ್ಮನಿಗೆ ಗೊತ್ತಿದ್ದ ಪುಟ್ಟಸಿದ್ದಯ್ಯ ಒಬ್ಬರೇ, ಕೆಳಗಿನ ಬೀದಿಯವರು. ಬೀದಿಯ ಹೆಸರನ್ನು ತಾವೇ ಸೇರಿಸಿ ಕೂಗಿಬಿಟ್ಟರು. ತೀರಿಕೊಂಡಿದ್ದವರು ಮೇಲಿನ ಬೀದಿಯ ಪುಟ್ಟಸಿದ್ದಯ್ಯ! ಕೆಳಗಿನ ಬೀದಿಯವರು ಆ ಹೊತ್ತಿಗೆ ಕ್ಷೌರದ ಅಂಗಡಿಯಲ್ಲಿ ಕೂತು ತಮ್ಮ ಸಾವಿನ ಸುದ್ದಿಯನ್ನು ತಾವೇ ಕೇಳಿದರು. ಅರ್ಧ ಗಡ್ಡದ ನೊರೆಯಲ್ಲೇ ಆಟೋ ಹಿಂದೆ ಓಡಿಬಂದು, "ಲೇ ರತ್ನ, ನಿಲ್ಸಲೇ, ನಾನಿನ್ನೂ ಬದುಕಿವ್ನಿ ಕಣೇ!" ಎಂದು ಅರಚಿದರು. ಅಷ್ಟರಲ್ಲಿ ಯಳಂದೂರಿನ ನೆಂಟರು ಹಾರ ಹಿಡಿದು, ಅಳುತ್ತಾ ಬಸ್ಸಿಳಿದಿದ್ದರು.

"ಸತ್ರು ಅಂತ ಕೂಗಿದ್ದು ಒಂದ್ ಬೆಳ್ಗೆ. ಬದುಕವ್ರೆ ಅಂತ ಮೂರ್ ದಿನ ಕೂಗ್ದೆ, ಯಾರ್ನೂ ಒಂದ್ ಕಾಸು ಕೇಳ್ನಿಲ್ಲ," ಎನ್ನುತ್ತಾರೆ. ಅಂದಿನಿಂದ ಸಾವಿನ ಸುದ್ದಿಯಾದರೆ ಮನೆಗೇ ಹೋಗಿ ಕೈಮುಗಿದು ಬರುತ್ತಾರೆ. ರಿಯಾಯಿತಿ ಎಂದರೆ ಸೀರೆಯ ಹಳೆಯ ಬೆಲೆ ಚೀಟಿಯನ್ನೂ ಹೊಸ ಚೀಟಿಯನ್ನೂ ನೋಡುತ್ತಾರೆ. 'ನೋಡ್ಕಂಡ್ ಬಂದಿವ್ನಿ' ಎಂಬ ಮಾತಿಲ್ಲದೆ ಅವರ ಕೂಗು ಮುಗಿಯುವುದಿಲ್ಲ. ಈ ತಪಾಸಣೆ ತಡೆಯಲಾರದೆ ಬೇರೆ ಆಟೋ ಹುಡುಕಿಕೊಂಡ ಅಂಗಡಿಯವರೂ ಇದ್ದಾರೆ. ಹೋದರೆ ಹೋಗಲಿ ಬಿಡಿ ಎನ್ನುವುದು ರತ್ನಮ್ಮನ ಜಾಯಮಾನ.

ಇತ್ತೀಚೆಗೆ ಈ ಕಸುಬು ಹೊಸ ಅಂಗಿ ತೊಟ್ಟಿದೆ. ಅದಕ್ಕೀಗ ಪಿಆರ್ ಎಂದು ಹೆಸರು. ರೀಲ್ಸ್ ಮಾಡುವ ಹುಡುಗರು ಕಾಲಿಡದ ಹೋಟೆಲಿನ ಊಟವನ್ನು ಚಪ್ಪರಿಸುತ್ತಾರೆ. ಹಚ್ಚಿಕೊಳ್ಳದ ಕ್ರೀಮಿನಿಂದ ಬೆಳ್ಳಗಾಗುತ್ತಾರೆ. ದುಡ್ಡು ಪಡೆದು ಹೇಳಿದ್ದನ್ನು ಸ್ವಂತ ಅನುಭವ ಎಂದು ಒಪ್ಪಿಸುತ್ತಾರೆ. ಜನರೇನು ಮಾಡಬೇಕು ಪಾಪ, ಯಾವುದು ಮಾತು, ಯಾವುದು ಜಾಹೀರಾತು ಎಂದು ಗೆರೆ ಎಳೆಯಲು ಯಾರಿಗೆ ಪುರುಸೊತ್ತಿದೆ? ಈ ಲೋಕದಿಂದಲೇ ಕಳೆದ ವರ್ಷ ಭವ್ಯ ಬಂದದ್ದು. ಯಳಂದೂರಿನ ಹುಡುಗಿ, ಬೆಂಗಳೂರಿನ ಒಂದು ಪಿಆರ್ ಕಂಪನಿಯಲ್ಲಿ ಕೆಲಸ. ಕಣ್ಣಿನ ತಪಾಸಣೆ ಶಿಬಿರಕ್ಕೆಂದು ರತ್ನಮ್ಮನ ದನಿಯನ್ನು ರೆಕಾರ್ಡ್ ಮಾಡಿಕೊಂಡಳು. ಮುಗಿದ ಮೇಲೆ, "ಸೌಂಡ್ ಟೆಸ್ಟಿಗೆ ಬೇಕು ಅಕ್ಕ, ಏನಾದ್ರೂ ಮಾತಾಡ್ತಾ ಇರಿ" ಎಂದು ಅರ್ಧ ಗಂಟೆ ಕೂರಿಸಿಕೊಂಡಳು. ರತ್ನಮ್ಮ ಅವ್ವನ ಕಥೆ, ಆಪರೇಷನ್ ಕಥೆ ಎಲ್ಲ ಹೇಳಿದರು.

ಎರಡು ತಿಂಗಳಿಗೆ ಭವ್ಯ ಮತ್ತೆ ಬಂದಳು. ಈ ಸಲ ಗಿರಾಕಿ ಒಂದು ಕಲ್ಲು ಕ್ವಾರಿ. ಕೌದಳ್ಳಿ ಕಡೆಯ ಗುಡ್ಡವೊಂದನ್ನು ಸೀಳಲು ಅರ್ಜಿ ಹಾಕಿತ್ತು. ಅಧಿಕಾರಿಗಳು ಊರಿನವರ ಅಹವಾಲು ಕೇಳುವ ಸಭೆಗೆ ದಿನ ಗೊತ್ತಾಗಿತ್ತು. ಕ್ವಾರಿಯಿಂದ ಬೋರ್‌ವೆಲ್‌ಗೆ ತೊಂದರೆಯಿಲ್ಲ, ಊರಿನವರೆಲ್ಲ ಒಪ್ಪಿದ್ದಾರೆ ಎಂದು ಬರೆದ ಹಾಳೆಯನ್ನು ರತ್ನಮ್ಮ ಓದಬೇಕಿತ್ತು.

"ಯಾರಮ್ಮ ಒಪ್ಪಿರೋದು? ಓಗಿ ಕೇಳ್ಕಂಡ್ ಬತ್ತೀನಿ ಇರು," ಎಂದು ರತ್ನಮ್ಮ ಆಟೋ ಹತ್ತಿದರು. ಗುಡ್ಡದ ಸುತ್ತಲಿನ ನಲವತ್ತು ಮನೆ ಹೊಕ್ಕು ಬಂದರು. ಒಪ್ಪುವುದಿರಲಿ, ಅರ್ಧ ಜನಕ್ಕೆ ಕ್ವಾರಿಯ ಸುದ್ದಿಯೇ ಗೊತ್ತಿರಲಿಲ್ಲ. ಹಾಳೆಯನ್ನು ಭವ್ಯಳ ಕೈಗೆ ವಾಪಸು ಕೊಟ್ಟರು. "ಎಲ್ಲಾ ಕಡೆ ಹಿಂಗೇ ಮಾಡೋದಕ್ಕ, ಇದು ಬರೀ ಪ್ರಚಾರ," ಎಂದಳು ಹುಡುಗಿ. "ಪ್ರಚಾರ ಮಾಡೋಳು ನಾನು ಕಣವ್ವ. ಇದು ಸುಳ್ಳು," ಎಂದರು ಇವರು.

ಸಭೆಗೆ ನಾಲ್ಕು ದಿನವಿರುವಾಗ ನಸುಕಿನಲ್ಲೇ ಕೌದಳ್ಳಿಯಿಂದ ಮಹದೇವಮ್ಮ ಎಂಬ ಮುದುಕಿಯ ಫೋನು. ವಾಟ್ಸಾಪಿನಲ್ಲಿ ಒಂದು ಆಡಿಯೋ ಮನೆಮನೆ ಸುತ್ತುತ್ತಿತ್ತು. 'ನಾನು ನಿಮ್ಮ ಮೈಕ್ ರತ್ನಮ್ಮ. ಕ್ವಾರಿಯಿಂದ ಏನೂ ತೊಂದರೆ ಇಲ್ಲ, ಹಿರಿಯರೆಲ್ಲ ಒಪ್ಪಿದ್ದಾರೆ. ಸಭೆಗೆ ಬಂದು ಕೂಲಿ ಕಳೆದುಕೊಳ್ಳಬೇಡಿ.' ರತ್ನಮ್ಮ ಅಡುಗೆಮನೆಯಲ್ಲಿ ನಿಂತು ಅದನ್ನು ಕೇಳಿದರು. "ನಂದೇ ದನಿ! ಮಧ್ಯ ಗಂಟ್ಲು ಸರಿ ಮಾಡ್ಕಳದೂ ನಂದೇ. ಒಂದ್ ಗಳ್ಗೆ ನಂಗೇ ಅನ್ಮಾನ ಬಂದ್ಬುಡ್ತು, ಎಲ್ಲಾದ್ರೂ ನಾನೇ ಯೋಳ್ಬುಟ್ನಾ ಅಂತ." ಸೌಂಡ್ ಟೆಸ್ಟಿನ ಅರ್ಧ ಗಂಟೆ ಯಾವ ಕೆಲಸಕ್ಕೆ ಬಂತು ಎಂಬುದು ಆಗ ತಿಳಿಯಿತು. ಅವ್ವನ ಕಥೆ ಹೇಳಿದ ದನಿಯನ್ನೇ ಕಂಪ್ಯೂಟರಿಗೆ ಉಣ್ಣಿಸಿ ಸುಳ್ಳು ಹೇಳಿಸಿದ್ದರು.

ಜನ ನಂಬಿದ್ದರು, ಮಹದೇವಮ್ಮ ಒಬ್ಬರನ್ನು ಬಿಟ್ಟು. "ನೋಡ್ಕಂಡ್ ಬಂದಿವ್ನಿ ಅನ್ನಲೇ ಇಲ್ವಲ್ಲ ನೀನು? ಅದ್ಕೇ ಫೋನ್ ಮಾಡ್ದೆ," ಎಂದರು ಮುದುಕಿ. ಆ ಮಾತು ಕೇಳಿ ರತ್ನಮ್ಮ ಬಿಕ್ಕಿ ಬಿಕ್ಕಿ ಅತ್ತರಂತೆ. ಅತ್ತು ಮುಗಿಸಿ ತಮ್ಮನನ್ನು ಎಬ್ಬಿಸಿದರು.

ಆದರೆ ಕೂಗುವುದು ಹೇಗೆ? ಆ ದನಿ ನನ್ನದಲ್ಲ ಎಂದು ಮೈಕಿನಲ್ಲಿ ಹೇಳಿದರೆ, ಅದೂ ಅದೇ ದನಿಯಲ್ಲವೇ? ಕೇಳುವವರು ಯಾವುದನ್ನು ನಂಬಬೇಕು? ರತ್ನಮ್ಮ ಸ್ಪೀಕರಿನ ವೈರು ಕಿತ್ತು ಸೀಟಿನಡಿಗೆ ತುರುಕಿದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಬರೀ ಬಾಯಲ್ಲಿ ಹೊರಟರು. ಮೂರು ದಿನ ಮನೆಮನೆಯ ಜಗಲಿಯಲ್ಲಿ ಕೂತು, ನಲ್ಲಿಯ ಹತ್ತಿರ ನಿಂತು, ಹೊಲದ ಬದುವಿಗೆ ನಡೆದು ಹೇಳಿದರು. "ನನ್ ಮೊಕ ನೋಡ್ಕಳಿ, ಯೋಳ್ತಿರೋಳು ನಾನು. ಅದು ನಾನಲ್ಲ. ಕ್ವಾರಿ ಬೇಕಾ ಬ್ಯಾಡ್ವಾ ನೀವೇ ತೀರ್ಮಾನ ಮಾಡಿ, ಆದ್ರೆ ಸಭೇಗ್ ಬನ್ನಿ." ಬೈದವರೂ ಉಂಟು. ಎಷ್ಟು ತಿಂದು ಆಡಿಯೋ ಮಾಡಿದೆ, ಎಷ್ಟು ತಿಂದು ಈಗ ಬಂದೆ ಎಂದು ಒಬ್ಬ ಯಜಮಾನ ಮುಖಕ್ಕೇ ಕೇಳಿದ. ಉದಯಕುಮಾರ್ ಮೈಮೇಲೆ ಹೋಗುವುದರಲ್ಲಿದ್ದರು. ಅಕ್ಕನೇ ತೋಳು ಹಿಡಿದು ಆಟೋಗೆ ಎಳೆದು ತಂದರು.

ಸಭೆಯ ದಿನ ಶಾಮಿಯಾನ ಸಾಲದೆ ಜನ ಬಿಸಿಲಲ್ಲಿ ನಿಂತರು. ಊರಿನವರ ಒಪ್ಪಿಗೆಗೆ ಸಾಕ್ಷಿಯೆಂದು ಕ್ವಾರಿ ಕಡೆಯವರು ಫೋನನ್ನು ಮೈಕಿಗೆ ಹಿಡಿದು ಅದೇ ಆಡಿಯೋ ಹಾಕಿದಾಗ ರತ್ನಮ್ಮ ಎದ್ದರು. ಅಧಿಕಾರಿ ಮೈಕ್ ಕೊಡಿಸಲು ಹೋದರು. "ಬ್ಯಾಡ ಸಾ. ಈಗ ಮೈಕ್ನಲ್ಲಿ ಮಾತಾಡ್ದೋಳು ಅಲ್ಲವ್ಳೆ, ಆ ಫೋನೊಳ್ಗೆ. ನಾನು ಬರೀ ಬಾಯಲ್ಲೇ ಯೋಳ್ತೀನಿ," ಎಂದರು. ಶಾಮಿಯಾನದಲ್ಲಿ ಎದ್ದ ಗದ್ದಲ ಇಳಿಯಲು ಅರ್ಧ ಗಂಟೆ ಹಿಡಿಯಿತು. ಆ ದಿನ ನೂರಾ ಹನ್ನೆರಡು ಜನ ತಮ್ಮ ಹೆಸರು ಹೇಳಿ ಆಕ್ಷೇಪಣೆ ಬರೆಸಿದರು. ಅರ್ಜಿಯ ತೀರ್ಮಾನ ಇನ್ನೂ ಆಗಿಲ್ಲ. ಸೈಬರ್ ಪೊಲೀಸರಿಗೆ ಕೊಟ್ಟ ದೂರು ತನಿಖೆಯಲ್ಲಿದೆ.

ಭವ್ಯಳ ಪಿಆರ್ ಕಂಪನಿಯವರು ಸುಮ್ಮನೆ ಕೂತಿಲ್ಲ. ಕಳೆದ ವಾರ ರತ್ನಮ್ಮನ ಮನೆಗೊಂದು ಲಕೋಟೆ ಬಂದಿದೆ. ಒಳಗೊಂದು ಒಪ್ಪಿಗೆ ಪತ್ರ: ನನ್ನ ದನಿಯನ್ನು ಬಳಸಲು ಅನುಮತಿ ಕೊಟ್ಟಿದ್ದೆ ಅಂತ. ತಾರೀಖು ಆಡಿಯೋಗೂ ಹಿಂದಿನದು. ಸಹಿ ಮಾಡಿದರೆ ಎರಡು ವರ್ಷ ಕಂಪನಿಯ ಪ್ರಚಾರದ ಕೆಲಸವೆಲ್ಲ ಇವರಿಗೇ. ಭವ್ಯಳೂ ಫೋನಿನಲ್ಲಿ ಅತ್ತಳು, ಸಹಿ ಬೀಳದಿದ್ದರೆ ತನ್ನ ಕೆಲಸ ಹೋಗುತ್ತದೆ ಎಂದು. "ಕೆಲ್ಸ ಓದ್ರೆ ಬಾರವ್ವ, ನಮ್ ಆಟೋದಲ್ಲಿ ಜಾಗ ಅದೆ. ನಿನ್ ಬಾಯೂ ಚೆಂದಾಗದೆ," ಎಂದಿದ್ದಾರೆ ಇವರು. ಅದು ತಮಾಷೆಯಲ್ಲ. ಸೀಟಿನ ಮೇಲಿನ ಸಾಮಾನೆಲ್ಲ ಒಂದು ಮಗ್ಗುಲಿಗೆ ಸರಿಸಿದ್ದಾರೆ.

ಬೆಳಗಿನ ಲಸಿಕೆಯ ಕೂಗು ಮುಗಿಸಿ ಮಧ್ಯಾಹ್ನ ಆಟೋ ನಿಲ್ಲುವುದು ಕೊಳ್ಳೇಗಾಲದ ಅಂಚೆ ಕಚೇರಿ ಮುಂದೆ. ಪತ್ರವನ್ನು ಹರಿದು ಬಿಸಾಡಕ್ಕ ಎನ್ನುತ್ತಾರೆ ಉದಯಕುಮಾರ್. "ಅರುದ್ರೆ ನಾನು ಬ್ಯಾಡ ಅಂದಿದ್ದು ಅವ್ರಿಗೆ ಎಂಗ್ಲಾ ಗೊತ್ತಾದ್ದು?" ಎಂದು ರತ್ನಮ್ಮ ತಮ್ಮನ ಬೆನ್ನನ್ನೇ ಮೇಜು ಮಾಡಿಕೊಂಡು, ಸಹಿಯ ಜಾಗದಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತಾರೆ: 'ಓದಿದೆ. ಒಪ್ಪಲಿಲ್ಲ. ಶಿವರತ್ನಮ್ಮ, ಮಧುವನಹಳ್ಳಿ.' ಇವತ್ತಿನ ತಾರೀಖನ್ನೇ ಹಾಕುತ್ತಾರೆ. ರಿಜಿಸ್ಟರ್ ಮಾಡಿಸಿ, ತಲುಪಿದ್ದಕ್ಕೆ ಸಹಿ ವಾಪಸು ಬರಬೇಕೆಂದು ಕೌಂಟರಿನವರಿಗೆ ಎರಡೆರಡು ಸಲ ಹೇಳುತ್ತಾರೆ.

ಆಟೋ ಹತ್ತಿ ಕೂತವರನ್ನು, ಇಷ್ಟು ದೊಡ್ಡವರನ್ನು ಎದುರು ಹಾಕಿಕೊಂಡು ಭಯ ಆಗೋದಿಲ್ಲವೇ ಎಂದು ಕೇಳಿದರೆ ಒಂದು ಗುಟುಕು ನೀರು ಕುಡಿದು ಹೇಳುತ್ತಾರೆ: "ದನಿ ಕದ್ರು, ಕದೀಲಿ. ನಾಳಿಕೆ ಮೊಕಾನೂ ಕದ್ದಾರು. ಆದ್ರೆ 'ಊಂ' ಅನ್ನದು ಮಾತ್ರ ನನ್ನಿಂದ್ಲೇ ಬರ್ಬೇಕಲ್ಲ ಸಾ? ಬರಕಿಲ್ಲ."