ಸೊಲ್ಲು ಹಿಡಿಯಲು ಮಡಕಶಿರಕ್ಕೆ

ರಾಯದುರ್ಗದ ನಮ್ಮ ಮಾಳಿಗೆಯ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಬಿಡುತ್ತಿದ್ದೆ. ಮಡಕಶಿರದಿಂದ ಅಕ್ಕನ ಸೊಸೆಯ ಫೋನು ಬಂತು.

"ಚಿಕ್ಕತ್ತೆ, ಅತ್ತೆಗೆ ಲಕ್ವ ಹೊಡೀತು. ಆಸ್ಪತ್ರೆಯಿಂದ ಮನೇಗೆ ಕರ್ಕೊಂಡು ಬಂದಿದೀವಿ. ಜೀವಕ್ಕೆ ಭಯ ಇಲ್ಲ ಅಂದ್ರು. ಮಾತೇ ಹೋಗೈತೆ."

ಮುಂದಿನ ವಾರ ಆ ಊರಿನಲ್ಲಿ ಬರಹಗಾರರ ಬೇಸಿಗೆ ಸಾಹಿತ್ಯ ಹಬ್ಬ. ಅಕ್ಕನಿಗೆ ಅಕ್ಷರ ಬಾರದು. ಆದರೂ ಸೋಬಾನೆ ಪದ ಕಟ್ಟುವವಳೆಂದು ವೇದಿಕೆಗೆ ಕರೆದಿದ್ದರು. ಮದುವೆಮನೆಗಳಲ್ಲಿ ಅವಳು ಮುಂದೆ ಹೇಳುವವಳು, ಪ್ರತಿ ಸಾಲಿನ ಕೊನೆಗೆ ತಿರುತಿರುಗಿ ಬರುವ ಅದೇ ಸೊಲ್ಲು ಹಿಡಿಯುವವಳು ನಾನು. ಮದುಮಗಳ ಮುಖ ನೋಡಿ ಆಗಿಂದಾಗಲೇ ಸಾಲು ಕಟ್ಟುತ್ತಿದ್ದಳು. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಿದವಳಲ್ಲ. ಹಬ್ಬದಲ್ಲಿ ಅವಳು ಕಟ್ಟಿ ಹೇಳುವುದನ್ನೆಲ್ಲ ಬರೆದುಕೊಳ್ಳುತ್ತಾರೆಂದು ಯುಗಾದಿಯಿಂದ ಇಬ್ಬರೂ ಕಾಯುತ್ತಿದ್ದೆವು. "ಬರೆಯೋರ ಕೈ ಸೋಲ್ಬೇಕು ಕಣೇ, ಅಷ್ಟು ಹೇಳ್ತೀನಿ" ಎಂದು ನಕ್ಕಿದ್ದಳು.

ನಾನು ಹಿಟ್ಟಿನ ಕೈಯಲ್ಲೇ ಕೂತುಬಿಟ್ಟೆ. ನಮ್ಮ ಮನೆಯವರು, "ಅಳೋದು ಬಸ್ಸಿನ್ಯಾಗ ಅಳ್ತಿಯಂತ, ಮೊದಲು ಹೊಂಡು. ಸಂಡಿಗಿ ಕಾಗಿ ಮುಟ್ಟದಂಗ ನಾ ಕಾಯ್ತೀನಿ" ಅಂದರು.

ಕಲ್ಯಾಣದುರ್ಗದವರೆಗೆ ಹೆಂಗಸರಿಗೆ ಬಸ್ಸು ಪುಕ್ಕಟೆ. ಆಧಾರ್ ಕಾರ್ಡು ತೋರಿಸಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿದ್ದು ಶಿವನ ದಯೆ. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಕಣ್ಣೀರು ಅಲ್ಲೇ ಒಣಗುತ್ತಿತ್ತು. ಕಲ್ಯಾಣದುರ್ಗದಲ್ಲಿ ಮಂಡಕ್ಕಿ ಉಗ್ಗಾಣಿ ಕಟ್ಟಿಸಿಕೊಂಡೆ, ಪೊಟ್ಟಣ ಬಿಚ್ಚದೆ ಮಜ್ಜಿಗೆಯಷ್ಟೇ ಕುಡಿದೆ. ಅಲ್ಲಿಂದ ಪಾವಗಡದ ಮೇಲೆ ಹೋಗುವ ಬಸ್ಸು, ಕರ್ನಾಟಕ ಹಾಯ್ದು ಹೋಗುತ್ತದೆಂದು ಟಿಕೆಟ್ಟು ಕೊಂಡೆ. ಪಕ್ಕದಲ್ಲಿ ಕೂತ ಮುದುಕಿ ತೆಲುಗಿನಲ್ಲಿ ಎಲ್ಲಿಗೆಂದು ಕೇಳಿದಳು, ಅಕ್ಕನ ಹತ್ತಿರ ಅಂದೆ. ಮತ್ತೇನೂ ಕೇಳದೆ ತನ್ನ ಸೌತೆಕಾಯಿಯಲ್ಲಿ ಅರ್ಧ ಮುರಿದು ಕೊಟ್ಟಳು. ಮಡಕಶಿರದ ಬೆಟ್ಟ ಕಂಡಾಗ ಬಿಸಿಲು ಇಳಿದಿತ್ತು.

ಅಕ್ಕ ನಡುಮನೆಯ ಮಂಚದ ಮೇಲೆ ಒರಗಿದ್ದಳು. ನನ್ನನ್ನು ಕಂಡು ಬಾಯಿ ತೆರೆದಳು, ಬರೀ ಉಸಿರು ಬಂತು. ಎಡಗೈ ಮಾತ್ರ ಮೊದಲಿನಂತೆಯೇ ಇತ್ತು. ಆ ಕೈ ಹಿಡಿದು, ಇಷ್ಟನ್ನಾದರೂ ಉಳಿಸಿದೆಯಲ್ಲಪ್ಪಾ ಎಂದು ಶಿವನನ್ನು ನೆನೆದೆ.

ಮರುದಿನ ಬೆಳಿಗ್ಗೆ ಹಬ್ಬ ನಡೆಸುವ ಮೇಷ್ಟ್ರು ಬಂದರು. ಒಳ್ಳೆಯ ಮನುಷ್ಯ, ಅಕ್ಕನನ್ನು ನೋಡಿ ಮಂಚದ ಪಕ್ಕ ನೆಲದ ಮೇಲೆಯೇ ಕೂತರು. ಆಮೇಲೆ, ಇಷ್ಟು ವರ್ಷ ಜೊತೆಗೆ ಹಾಡಿದವರು ನೀವು, ಅಕ್ಕನ ಪದಗಳನ್ನು ನೀವಾದರೂ ಹೇಳಿ, ಬರೆದುಕೊಳ್ಳುತ್ತೇವೆ ಎಂದು ನನ್ನನ್ನು ಕೇಳಿಕೊಂಡರು. ಅಕ್ಕ ನನ್ನನ್ನೇ ನೋಡುತ್ತಿದ್ದಳು.

ಸೊಲ್ಲು ಹಾಡಿದೆ. ಅಕ್ಕನ ಸಾಲು ಬರಬೇಕಾದ ಜಾಗದಲ್ಲಿ ಬಾಯಿ ಕಟ್ಟಿತು. ಎಷ್ಟೋ ಮದುವೆಗಳನ್ನು ನೆನೆಸಿಕೊಂಡೆ. ಮದುಮಕ್ಕಳ ಮುಖಗಳು ಬಂದವು, ಸಾಲು ಬರಲಿಲ್ಲ. ತಿರುಗಿ ಸೊಲ್ಲನ್ನೇ ಹಾಡಿದೆ.

"ಇಷ್ಟೇನಾ ಅಮ್ಮ?"

"ನನಗೆ ಬರೋದು ಇಷ್ಟೇ ಸಾರ್. ಮಿಕ್ಕಿದ್ದೆಲ್ಲ ಅಕ್ಕಂದು."

ಅವರು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು, ಹಬ್ಬದ ದಿನ ಇಬ್ಬರೂ ಬಂದು ಸುಮ್ಮನೆ ಕೂತಿದ್ದರೂ ಸಂತೋಷವೆಂದು ಹೇಳಿ ಹೊರಟರು.

ಬಾಗಿಲವರೆಗೆ ಕಳಿಸಿ ಬಂದೆ. ಅಕ್ಕ ಎಡಗೈಯಿಂದ ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಿದ್ದಳು. ತುಟಿ ಅಲುಗುತ್ತಿತ್ತು, ದನಿಯಿಲ್ಲ. ಒಂದು ಸಾಲಿನಷ್ಟು ಹೊತ್ತಾದ ಮೇಲೆ ಕೈ ನಿಲ್ಲಿಸಿ ನನ್ನ ಕಡೆ ನೋಡಿದಳು. ಸೊಲ್ಲು ಹಿಡಿದೆ. ಮತ್ತೆ ತಾಳ, ಮತ್ತೆ ಅಲುಗುವ ತುಟಿ, ಮತ್ತೆ ನಾನು. ಹಾಗೆ ಒಂದು ಪೂರ್ತಿ ಪದ ಹೇಳಿ ಮುಗಿಸಿದಳು. ಯಾರ ಮೇಲೆ ಕಟ್ಟಿದಳೋ, ನನಗೆ ತಿಳಿಯಲಿಲ್ಲ.

ಅವಳಿಗೆ ಗಟ್ಟಿ ಊಟ ಇಳಿಯುವುದಿಲ್ಲ. ಸೆರಗಿನಿಂದ ಅವಳ ಬಾಯಿ ಒರೆಸಿ, ಒಳಗೆ ಹೋಗಿ ರಾಗಿ ಗಂಜಿಯನ್ನು ಗಂಟಿಲ್ಲದಂತೆ ಸೋಸತೊಡಗಿದೆ.