ಚೀಲಕ್ಕೆ ಕಳೆದ ಒಂದು ಕಿಲೋ

ಕಬಡ್ಡಿ ಆಡಿದವನಿಗೆ ಮೈಮೇಲಿನ ಒಂದು ಕಿಲೋ ಎಂದರೇನು ಅಂತ ಗೊತ್ತು. ಕಾಲೇಜಿನಲ್ಲಿದ್ದಾಗ ತೂಕ ಇಳಿಸಲು ಎರಡು ದಿನ ನೀರು ಬಿಟ್ಟು ಫೈನಲ್ ಆಡಿದ್ದೆ. ರೈಡ್‌ಗೆ ಹೋದವನು ಕಣ್ಣು ಕತ್ತಲೆಗಟ್ಟಿ ಬಿದ್ದೆ. ಮೊಣಕಾಲು ಹೋಯಿತು, ಆಟವೂ ಹೋಯಿತು. ಆಮೇಲೆ ಶಿವಮೊಗ್ಗದ ಕಾಲೇಜೊಂದರಲ್ಲಿ ಕೋಚ್ ಆದೆ.

ಆ ವರ್ಷ ಭದ್ರಾವತಿಯಲ್ಲಿ ಅರವತ್ತು ಕಿಲೋ ಮೀರದವರ ಪಂದ್ಯ. ಫ್ಯಾಕ್ಟರಿಯೊಂದರವರು ತಮ್ಮ ತಂಡಕ್ಕೆ ಒಬ್ಬ ರೈಡರನ್ನು ಆರಿಸಿ ಕೆಲಸ ಕೊಡಲು ಬರುವವರಿದ್ದರು. ನನ್ನ ತಂಡದ ರೈಡರ್, ಮಾಚೇನಹಳ್ಳಿಯ ವರ್ಕ್‌ಶಾಪ್ ಕೂಲಿಯೊಬ್ಬರ ಮಗ, ಆ ಕೆಲಸದ ಮೇಲೆಯೇ ಜೀವ ಇಟ್ಟುಕೊಂಡಿದ್ದ. ಹಿಂದಿನ ದಿನ ಅವನನ್ನು ಅಡಿಕೆ ಮಂಡಿಯ ತಕ್ಕಡಿಗೆ ಹತ್ತಿಸಿದೆ.

"ಯಾವ ಮಾಲು ಸಾರ್ ಇದು, ರಾಶಿನಾ ಬೆಟ್ಟೆನಾ?" ಎಂದು ಅಡಿಕೆಯ ದರ್ಜೆ ಕೇಳುವವನಂತೆ ನಕ್ಕ ತೂಗುವವನು, "ಸರಿಯಾಗಿ ಅರವತ್ತು" ಎಂದ.

ಮರುದಿನ ಮೈದಾನದ ತೂಕದ ಯಂತ್ರ ಅರವತ್ತೊಂದು ತೋರಿಸಿತು. ಆಗ ನನಗೆ ಹೊಳೆಯಿತು. ಚೀಲದ ತೂಕವೆಂದು ಒಂದು ಕಿಲೋ ಕಳೆದು ಹೇಳುವುದು ಮಂಡಿಯ ರೂಢಿ. ಆ ಪುಣ್ಯಾತ್ಮ ಮನುಷ್ಯನಿಗೂ ಕಳೆದಿದ್ದ! ತಕ್ಕಡಿಯ ಮುಳ್ಳನ್ನು ಒಮ್ಮೆ ಬಗ್ಗಿ ನೋಡದ ನಾನು ಅದೆಂಥ ಕೋಚು?

"ಒಂದು ಗಂಟೆ ಟೈಮ್ ಕೊಡ್ತೀವಿ," ಎಂದರು ಸಂಘಟಕರು.

ಹುಡುಗ ಎರಡು ಸ್ವೆಟರ್ ಹಾಕಿಕೊಂಡು ಬಿಸಿಲಲ್ಲಿ ಓಡತೊಡಗಿದ. ಅರ್ಧ ಗಂಟೆಗೆ ತುಟಿ ಬಿಳಿಚಿತ್ತು.

"ಸಾಕು ನಿಲ್ಸೋ ಮಾರಾಯ," ಎಂದೆ.

"ಆಗುತ್ತೆ ಸಾರ್, ಬಿಡಿ."

ಮೂಲೆಯಲ್ಲಿ ತಿರುಗುವಾಗ ಅವನ ಕಾಲು ತಡವರಿಸಿತು. ನಾನು ಹೆದರಿಹೋದೆ. ಸೀದಾ ಸಂಘಟಕರ ಮೇಜಿನ ಹತ್ತಿರ ಹೋಗಿ ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಿಸಿ, ಹೊರಗೆ ಕೂತಿದ್ದ ಬದಲಿ ಆಟಗಾರನ ಹೆಸರು ಬರೆಸಿ ಸಹಿ ಹಾಕಿದೆ. ಅವನಿನ್ನೂ ಓಡುತ್ತಲೇ ಇದ್ದ.

ಗಂಟೆ ಮುಗಿಯುವ ಮೊದಲೇ ಬಂದು ಸ್ವೆಟರ್ ಕಿತ್ತೆಸೆದು ಯಂತ್ರ ಹತ್ತಿದ. ಅರವತ್ತು. "ಬಂತು ಸಾರ್!" ಎಂದು ನನ್ನ ಕಡೆ ತಿರುಗಿದ.

ಸಂಘಟಕರು ಪಟ್ಟಿ ತೋರಿಸಿದರು. "ನಿಮ್ಮ ಕೋಚ್ ಸೈನ್ ಹಾಕಿ ಆಯ್ತಲ್ಲಪ್ಪ. ಇನ್ನು ಬದಲಾಯಿಸೋಕಾಗಲ್ಲ."

ಅವನು ಅಳಲಿಲ್ಲ, ಕೂಗಾಡಲಿಲ್ಲ. ನಾನು ಚಾಚಿದ ನೀರಿನ ಬಾಟಲಿ ಮುಟ್ಟದೆ, "ನನ್ನನ್ನ ಒಂದು ಮಾತು ಕೇಳಬೇಕಿತ್ತು ಸಾರ್," ಎಂದ.

ಕೇಳಿದ್ದರೆ ಬೇಡ ಅನ್ನುತ್ತಿದ್ದ. ಅದು ಗೊತ್ತಿದ್ದೇ ನಾನು ಕೇಳಿರಲಿಲ್ಲ.