ಎಡಗಡೆ ಸೀಟಿನ ತೂಕಪ್ಪ

ತೂಕಪ್ಪ ಎಂಬ ಹೆಸರು ಇಟ್ಟವರು ಅವನ ಅಕ್ಕನ ಬೀದಿಯವರು. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು, ಆದರೆ ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಆಸಾಮಿ ಅಗಲ. ಬಸ್ಸಿನಲ್ಲಿ ಅವನು ಕೂತರೆ ಪಕ್ಕದವರು ಮರ್ಯಾದೆಯಿಂದ ತಾವಾಗಿಯೇ ಎದ್ದು ನಿಲ್ಲುತ್ತಿದ್ದರು. ವಾಹನಗಳ ಬಿಡಿಭಾಗದ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತು ಬೋಲ್ಟು, ಬೆಲ್ಟು, ಬೇರಿಂಗು ಕೊಡುವುದು ಅವನ ಕೆಲಸ. ಮದುವೆ ಆಗಿರಲಿಲ್ಲ. ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ವಾಸ. ಅಲ್ಲಿ ಜೊತೆಗೆ ಇದ್ದದ್ದು ಒಂದು ಟೇಬಲ್ ಫ್ಯಾನು, ಅದೂ ಇವನು ಏನು ಹೇಳಿದರೂ ಇಲ್ಲ ಇಲ್ಲ ಎಂದು ತಲೆಯಾಡಿಸುತ್ತಿತ್ತು.

ಇಂಥವನಿಗೆ ವಾರಕ್ಕೊಮ್ಮೆ ಬರುವ ಭಾನುವಾರವೇ ಬದುಕು. ಅವತ್ತು ಅಕ್ಕ, ಭಾವ ಇಬ್ಬರೂ ಕಾರಿನಲ್ಲಿ ಬಂದು ಕೆಳಗಿನಿಂದ ಹಾರ್ನ್ ಹೊಡೆಯುತ್ತಿದ್ದರು. ಇವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ದಡಬಡ ಇಳಿದು ಹಿಂದಿನ ಸೀಟಿನ ಎಡಗಡೆ ಕೂರುತ್ತಿದ್ದ. ಎಲ್ಲಾದರೂ ಒಂದು ಸುತ್ತು ಹೊಡೆದು, ಅಕ್ಕನ ಮನೆಯಲ್ಲಿ ಊಟ ಮಾಡಿ, ಸಂಜೆಗೆ ವಾಪಸ್ಸು.

ಅವನನ್ನು ಪ್ರೀತಿಯಿಂದ ಕರೆದೊಯ್ಯುತ್ತಿದ್ದರು ಅಂದುಕೊಂಡಿರಾ? ಅದೆಲ್ಲ ಏನಿಲ್ಲ. ಕಾರಿಗೆ ಅವನು ಬೇಕಾಗಿತ್ತು.

ಭಾವ ಗಾರೆ ಮೇಸ್ತ್ರಿ. ಸೊಟ್ಟಗಿರುವುದನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಯಾರ ಮನೆಗೆ ಹೋದರೂ ಗೋಡೆಯ ಫೋಟೋಗಳನ್ನು ನೆಟ್ಟಗೆ ಮಾಡಿದ ಮೇಲೆಯೇ ಕುರ್ಚಿ ಮುಟ್ಟುತ್ತಿದ್ದರು. ಹಾಸಿಗೆಯ ಹೊದಿಕೆ ಒಂದು ಕಡೆ ಇಳಿದಿದ್ದರೆ ನಿದ್ದೆಯಿಂದ ಎದ್ದು ಸರಿಮಾಡುತ್ತಿದ್ದರು. ಇಂಥ ಮನುಷ್ಯನಿಗೆ ಇದ್ದದ್ದು ಅವರಪ್ಪನ ಕಾಲದ ಒಂದು ಪುಟ್ಟ ಕಾರು, ಅದಕ್ಕೆ ಬಂದ ರೋಗ ಇದು: ಹಿಂಚಕ್ರಗಳ ಸಸ್ಪೆನ್ಷನ್ನನ್ನು ಕಾರಿನ ಮೈಗೆ ಹಿಡಿದಿಡುವ ರಬ್ಬರ್ ಮೌಂಟಿಂಗುಗಳಲ್ಲಿ ಬಲಗಡೆಯದು ನುಜ್ಜುಗುಜ್ಜಾಗಿ, ಕಾರು ಬಲಕ್ಕೆ ವಾಲಿಕೊಂಡು ನಿಂತಿತು. ಮೇಸ್ತ್ರಿ ಕೆಲಸಕ್ಕೆ ಹೊರಟರೆ ಬೀದಿಯವರು ಕಿಸಿಕಿಸಿ ನಗುತ್ತಿದ್ದರು. ಒಂದು ಸಲ ಮನೆ ಕಟ್ಟಿಸಬೇಕೆಂದವರೊಬ್ಬರು ಈ ಕಾರು ಬಂದು ನಿಂತ ಭಂಗಿ ನೋಡಿ, "ನಮ್ಮ ಗೋಡೆನೂ ಹೀಗೇ ನಿಲ್ಲುತ್ತಾ?" ಎಂದು ಕೇಳಿ ಕೆಲಸವನ್ನು ಬೇರೆಯವರಿಗೆ ಕೊಟ್ಟುಬಿಟ್ಟರು. ಭಾವ ಅವತ್ತು ಊಟ ಮಾಡಲಿಲ್ಲ.

ಕಾರು ವಾಲಿದ ಹೊಸತರಲ್ಲೇ ಒಂದು ದಿನ ಯಾವುದೋ ಆಸ್ಪತ್ರೆಗೆ ಹೋಗುವಾಗ ತೂಕಪ್ಪ ಹಿಂದೆ ಎಡಗಡೆ ಕೂತ. ಕಾರು ನೆಟ್ಟಗಾಯಿತು! ಭಾವ ಇಳಿದು, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ತಮ್ಮ ರಸಮಟ್ಟವನ್ನು ಕಾರಿನ ತಲೆಯ ಮೇಲಿಟ್ಟು ನೋಡಿದರು. ಗುಳ್ಳೆ ಸರಿಯಾಗಿ ನಡುವೆ. ಅಲ್ಲಿಯವರೆಗೆ "ಜಾಗ ಇಲ್ಲಪ್ಪ, ಮುಂದಿನ ಸಲ ನೋಡೋಣ" ಎಂದು ಸಾಗಹಾಕುತ್ತಿದ್ದವರು ಅವತ್ತಿನಿಂದ ತೂಕಪ್ಪನಿಲ್ಲದೆ ಭಾನುವಾರ ಗೇಟು ದಾಟಲಿಲ್ಲ. ಹೊರಡುವ ಮೊದಲು ರಸಮಟ್ಟ ಇಡುವುದು, "ಚೂರು ಕಿಟಕಿ ಕಡೆ ಸರಿ… ಜಾಸ್ತಿಯಾಯ್ತು… ಹಾಂ, ಅಲ್ಲೇ ಇರು, ಅಲ್ಲಾಡಬೇಡ" ಎನ್ನುವುದು. ಜ್ವರ ಬಂದು ತೂಕಪ್ಪ ಸೊರಗಿಹೋದಾಗ ಅವನ ತೊಡೆಯ ಮೇಲೆ ಅರ್ಧ ಚೀಲ ಮರಳು ಇಟ್ಟರು. ಅಕ್ಕ ಅವನ ತಟ್ಟೆಗೆ ಬಡಿಸುತ್ತಾ, "ತಿನ್ನೋ, ಇನ್ನೊಂದು ಸೌಟು ತಿನ್ನೋ, ಕಾರು ಆ ಕಡೆ ವಾಲ್ತಿದೆ" ಎನ್ನುತ್ತಿದ್ದಳು. ಅವನು ಖುಷಿಯಿಂದ ತಿನ್ನುತ್ತಿದ್ದ.

ಹೊಸ ಮೌಂಟಿಂಗು ಹಾಕಿಸಿದ್ದರೆ ಆಗುತ್ತಿರಲಿಲ್ಲವೇ ಅನ್ನುತ್ತೀರಿ. ಆಗುತ್ತಿತ್ತು. ಭಾವ ಅದಕ್ಕಾಗಿ ಮೈದುನನ ಅಂಗಡಿಗೇ ಅಲೆದು ಚಪ್ಪಲಿ ಸವೆಸಿದರು.

"ಬಂತೇನಯ್ಯಾ?"

"ಎಲ್ಲಿ ಭಾವ! ಕಂಪನಿಯವರೇ ಮಾಡೋದು ನಿಲ್ಲಿಸಿಬಿಟ್ಟಿದ್ದಾರೆ. ನಾನೂ ಕೇಳದೇ ಇರೋ ಕಡೆ ಇಲ್ಲ."

ಹೀಗೆ ಹೇಳುವಾಗ ಆ ಮೌಂಟಿಂಗಿನ ಎರಡು ರಬ್ಬರುಗಳು ಅವನ ತಲೆಯ ಮೇಲಿನ ಅಟ್ಟದಲ್ಲಿ, ವೈಪರ್ ಎಂದು ಬರೆದ ಡಬ್ಬಿಯೊಳಗೆ ತಣ್ಣಗೆ ಮಲಗಿರುತ್ತಿದ್ದವು. ಪಾಪ, ಅವನಿಗೆ ಸುಳ್ಳು ಹೇಳುವುದಕ್ಕೆ ಮನಸ್ಸು ಒಪ್ಪಿತ್ತೇ ಹೊರತು ಒಳ್ಳೆಯ ಮಾಲು ಹಾಳಾಗುವುದಕ್ಕೆ ಒಪ್ಪಿರಲಿಲ್ಲ. ಇಟ್ಟಲ್ಲೇ ಇಟ್ಟರೆ ರಬ್ಬರು ಒಣಗಿ ಬಿರಿಯುತ್ತದೆ. ಅದಕ್ಕೇ ಶನಿವಾರ ಶನಿವಾರ ಅವುಗಳನ್ನು ಇಳಿಸಿ, ಒರೆಸಿ, ಮೈತುಂಬ ಪೌಡರು ಹಚ್ಚಿ, ಮತ್ತೆ ಮಲಗಿಸುತ್ತಿದ್ದ. ಮಾರನೆಯ ದಿನ ಹೋಗಿ ಎಡಗಡೆ ಕೂರುತ್ತಿದ್ದ.

ಕೊನೆಗೆ ಸಿಕ್ಕಿಬಿದ್ದದ್ದು ಹಲ್ಲುನೋವಿನಿಂದ. ಕೆನ್ನೆ ಊದಿ ತೂಕಪ್ಪ ರಜಾ ಹಾಕಿ ಮಲಗಿದ್ದ ದಿನವೇ ಭಾವ ಒಂದು ಬಲ್ಬು ಬೇಕೆಂದು ಅಂಗಡಿಗೆ ಬಂದರು. ಅಂಗಡಿಯ ಯಜಮಾನ ಬಲ್ಬು ಕೊಟ್ಟು, ಮಾತಿಗೆ ಮಾತು ಬಂದು, "ಅಲ್ಲಾ ಮೇಸ್ತ್ರಿಗಳೇ, ನಿಮ್ಮ ರಬ್ಬರನ್ನ ಯಾವಾಗ ತಗೊಂಡು ಹೋಗ್ತೀರಿ? ನಿಮ್ಮ ಬಾಮೈದ ಅದನ್ನ ಹಸುಗೂಸಿನ ಹಾಗೆ ಪೌಡರ್ ಹಾಕಿ ಸಾಕ್ತಿದ್ದಾನೆ. ಬೇರೆ ಗಿರಾಕಿಗಳು ಕೇಳಿದರೂ ಕೊಡಲ್ಲ, ನಮ್ಮ ಭಾವನಿಗೇ ಅಂತಾನೆ" ಎಂದು ಮೆಚ್ಚಿಕೊಂಡು ಹೇಳಿದ. ಭಾವ ಡಬ್ಬಿ ತೆಗೆದುಕೊಂಡು ಹೋದರು.

ಅಕ್ಕನ ಫೋನು ಬಂತು. "ಲೋ, ನಾಳೆ ಕಾರಿಗೆ ಹೊಸ ರಬ್ಬರ್ ಹಾಕಿಸ್ತಾರಂತೆ. ವರ್ಕ್‌ಶಾಪಿಗೆ ಬರಬೇಕಂತೆ ನೀನು. ಏನ್ ಮಾಡಿದ್ದೀಯೋ? ಇವರ ಮುಖ ನೋಡೋಕಾಗ್ತಿಲ್ಲ." ಬೈಗುಳ ತಿನ್ನುವುದಕ್ಕೆ ತೂಕಪ್ಪ ಹೆದರಲಿಲ್ಲ. ಇನ್ನು ಭಾನುವಾರ ಹಾರ್ನು ಕೇಳಿಸುವುದಿಲ್ಲವಲ್ಲ, ಅದನ್ನು ನೆನೆದು ಹಾಸಿಗೆಯ ಮೇಲೆ ಹಾಗೇ ಕೂತುಬಿಟ್ಟ.

ಬೆಳಿಗ್ಗೆ ಕೆನ್ನೆಗೆ ಟವೆಲು ಕಟ್ಟಿಕೊಂಡು ವರ್ಕ್‌ಶಾಪಿಗೆ ಹೋದ. ಕಾರನ್ನು ಗುಂಡಿಯ ಮೇಲೆ ಜಾಕ್ ಕೊಟ್ಟು ಎತ್ತಿ ನಿಲ್ಲಿಸಿದ್ದರು. ಮೆಕ್ಯಾನಿಕ್ ಕೆಳಗೆ ಗುಂಡಿಯೊಳಗಿದ್ದ. ಆ ಮನುಷ್ಯನ ಮುಖ ಕಂಡವರು ಕಡಿಮೆ, ಗಿರಾಕಿಗಳಿಗೆಲ್ಲ ದನಿಯಷ್ಟೇ ಪರಿಚಯ. ಅಕ್ಕ ಟಯರಿನ ಮೇಲೆ ಕೂತಿದ್ದಳು. ಭಾವ ಹಳೆಯ ರಬ್ಬರನ್ನು ಕೈಯಲ್ಲಿ ಹಿಡಿದಿದ್ದರು, ಅದು ಹಿಚುಕಿದ ಕಡೆಯೆಲ್ಲ ಪುಡಿಯಾಗಿ ಉದುರುತ್ತಿತ್ತು.

"ಬಾರಯ್ಯಾ ಮಹರಾಯ. ಕಂಪನಿಯವರು ಮತ್ತೆ ಮಾಡೋಕೆ ಶುರು ಮಾಡಿದರಂತಲ್ಲ?"

ತೂಕಪ್ಪ ಟವೆಲಿನೊಳಗಿಂದ "ಹೂಂ" ಅಂದ.

"ಪೌಡರ್ ಘಮ್ ಅಂತಿತ್ತು. ಥೂ! ಊರೆಲ್ಲ ನನ್ನ ನೋಡಿ ನಕ್ಕಿತಲ್ಲೋ. ಬಂದ ಕೆಲಸ ಕೈಬಿಟ್ಟು ಹೋಯ್ತಲ್ಲೋ. ಯಾಕೆ ಮಾಡಿದೆ? ಹೇಳು, ಯಾಕೆ?"

ತೂಕಪ್ಪ ನೆಲ ನೋಡಿದ. ಆಮೇಲೆ ಟವೆಲನ್ನು ಕೆಳಗೆಳೆದು, ಊದಿದ ಬಾಯಲ್ಲೇ ಹೇಳಿದ: "ಕಾರು ಸರಿಹೋದರೆ ನನ್ನ ಯಾಕೆ ಕರೀತೀರಿ ಭಾವ?"

ಅಕ್ಕ ತಲೆಯೆತ್ತಿದಳು. ಭಾವ ರಬ್ಬರನ್ನು ಹಿಚುಕುತ್ತಲೇ ಇದ್ದರು.

ಅಷ್ಟರಲ್ಲಿ ಗುಂಡಿಯಿಂದ ದನಿ ಬಂತು. "ಮೇಸ್ತ್ರಿಗಳೇ, ರಬ್ಬರ್ ಕೂತಿದೆ. ಜಾಕ್ ಇಳಿಸ್ತೀನಿ. ಚಕ್ರ ಗಾಳೀಲಿ ನೇತಾಡುವಾಗ ಬೋಲ್ಟ್ ಬಿಗಿದರೆ, ಭಾರ ಬಿದ್ದ ಕೂಡಲೇ ರಬ್ಬರ್ ತಿರುಚಿಕೊಂಡು ಹರಿದುಹೋಗುತ್ತೆ. ಯಾವಾಗಲೂ ಯಾರ್ಯಾರು ಕೂರ್ತೀರೋ ಅವರನ್ನೆಲ್ಲ ಅವರವರ ಜಾಗದಲ್ಲಿ ಕೂರಿಸಿ. ಆಮೇಲೆ ಬಿಗೀತೀನಿ."

ಕಾರು ನೆಲಕ್ಕಿಳಿಯಿತು. ಭಾವ ರಸಮಟ್ಟ ಇಟ್ಟರು. ಯಾರೂ ಕೂರದೆಯೇ ಗುಳ್ಳೆ ನಡುವೆ ಬಂದು ನಿಂತಿತು. ಎಷ್ಟು ವರ್ಷಗಳ ಆಸೆ ಅದು! ಆದರೂ ಭಾವ ನಗಲಿಲ್ಲ. ತೂಕಪ್ಪ ಟವೆಲು ಮತ್ತೆ ಬಿಗಿದುಕೊಂಡು ಗೇಟಿನ ಕಡೆ ಎರಡು ಹೆಜ್ಜೆ ಹಾಕಿದ.

"ಯಾರ್ಯಾರು?" ಗುಂಡಿಯಿಂದ ಮತ್ತೆ ಕೂಗು.

"ನಾನು," ಎಂದರು ಭಾವ. "ಮುಂದೆ ಪಕ್ಕದಲ್ಲಿ ಇವಳು."

"ಅಷ್ಟೇನಾ? ಈಗ ಹೇಳಿದ್ದೇ ಕೊನೆ. ಬಿಗಿದ ಮೇಲೆ ಇನ್ನೊಬ್ಬರು ಅಂದರೆ ನಾನು ಒಪ್ಪಲ್ಲ."

ಭಾವ ಗೇಟಿನ ಕಡೆ ನೋಡಿದರು. ಹಲ್ಲು ಕಡಿದರು.

"ಹಿಂದೆ ಎಡಗಡೆ, ಈ ಕಳ್ಳ!" ಎಂದು ಗುಂಡಿಗೆ ಬಗ್ಗಿ ಅರಚಿದರು. ಆಮೇಲೆ ಇವನ ಕಡೆ ತಿರುಗಿ, "ಎಲ್ಲಿಗೋ ಹೊರಟೆ? ಹತ್ತು. ಬಾಗಿಲು ನಿಧಾನಕ್ಕೆ ಹಾಕು" ಎಂದರು.

ಮೂವರೂ ಕೂತರು. ಕೆಳಗೆ ಸ್ಪ್ಯಾನರ್ ಕಿರ್ ಎಂದಿತು, ನಿಂತಿತು.

"ಹಿಂದೆ ಕೂತಿರೋರು ಪೂರ್ತಿ ಭಾರ ಬಿಟ್ಟಿಲ್ಲ," ಎಂದಿತು ದನಿ. "ಏನ್ರೀ, ಎದ್ದು ಹೋಗೋರ ಹಾಗೆ ತುದೀಲಿ ಕೂತಿದ್ದೀರಾ?"

ನಿಜವೇ. ತೂಕಪ್ಪ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದು, ಕಾಲೂರಿ, ತನ್ನ ಅರ್ಧ ದೇಹವನ್ನು ಮೇಲೆತ್ತಿಕೊಂಡೇ ಕೂತಿದ್ದ.

ಭಾವ ಹಿಂದೆ ತಿರುಗಲಿಲ್ಲ. ಗಾಜಿನ ಆಚೆ ನೋಡುತ್ತಾ, ಅಷ್ಟು ಜೋರಿಲ್ಲದ ದನಿಯಲ್ಲಿ, "ಪೂರ್ತಿ ಕೂತ್ಕೊಳ್ಳೋ" ಎಂದರು.

ತೂಕಪ್ಪ ಕೈಬಿಟ್ಟು, ಪೂರ್ತಿ ಕೂತ.